ದಕ್ಕೆಯಲ್ಲಿ ಬರೆದುಕೊಂಡ ಲೆಕ್ಕ ಎಲ್ಲಿಗೆ ಹೋಗಬೇಕು? – ಓದುಗರ ಪ್ರಶ್ನೆಗಳಿಗೆ ಉತ್ತರ

ಕರಾವಳಿಯಲ್ಲಿ ನಡೆಯುವ ಮೀನುಗಾರಿಕೆ ಸಮೀಕ್ಷೆಗಳ ಮಾಹಿತಿಯನ್ನು ಯಾರೊಂದಿಗೆ, ಯಾವಾಗ, ಎಷ್ಟರ ಮಟ್ಟಿಗೆ ಹಂಚಿಕೊಳ್ಳಬೇಕು ಎಂಬುದರ ಕುರಿತು ಮಂಗಳೂರು ಮತ್ತು ಉಡುಪಿ ಭಾಗದ ಓದುಗರಿಂದ ಬಂದ ಪ್ರಶ್ನೆಗಳಲ್ಲಿ ಆರನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಮೀನು ಇಳಿಸುವ ದಕ್ಕೆಗಳಲ್ಲಿ ನಿಂತು ಲೆಕ್ಕ ಬರೆದುಕೊಳ್ಳುವ ಕೆಲಸದಲ್ಲಿಯೇ ನನ್ನ ವೃತ್ತಿಜೀವನದ ಬಹುಪಾಲು ಕಳೆದಿದೆ. ಉತ್ತರಗಳನ್ನು ಆ ಅನುಭವದಿಂದಲೇ ಬರೆದಿದ್ದೇನೆ. ಪ್ರಶ್ನೆ ಕಳುಹಿಸಿದವರ ಹೆಸರುಗಳನ್ನು ಅವರ ಕೋರಿಕೆಯಂತೆ ಪ್ರಕಟಿಸಿಲ್ಲ.

ಪ್ರಶ್ನೆ: ನಮ್ಮದು ನಾಡದೋಣಿ ಮೀನುಗಾರರ ಸಹಕಾರಿ ಸಂಘ. ಒಂದು ಸಂಶೋಧನಾ ತಂಡದವರು ಬಂದು, ಮೂರು ವರ್ಷಗಳ ಕಾಲ ನಮ್ಮ ಸದಸ್ಯರ ದೋಣಿಗಳಿಗೆ ಸಿಕ್ಕಿದ ಮೀನು, ಬಲೆ ಹಾಕಿದ ಜಾಗ, ಖರ್ಚು ಮತ್ತು ಆದಾಯಗಳನ್ನು ಬರೆದುಕೊಳ್ಳುವುದಾಗಿ ಹೇಳಿ, ಒಂದು ಪುಟದ ಒಪ್ಪಿಗೆ ಪತ್ರಕ್ಕೆ ಸಹಿ ಕೇಳಿದ್ದಾರೆ. ಹಿಂದೆ ಹೀಗೆ ಬರೆದುಕೊಂಡು ಹೋದವರು ಮತ್ತೆ ಮುಖ ತೋರಿಸಿದ್ದುಂಟೇ ಎಂದು ನಮ್ಮ ಹಿರಿಯರು ಕೇಳುತ್ತಿದ್ದಾರೆ. ಸಹಿ ಹಾಕುವ ಮೊದಲು ನಾವು ಏನನ್ನು ವಿಚಾರಿಸಬೇಕು? – ಸಂಘದ ಕಾರ್ಯದರ್ಶಿ, ಮಲ್ಪೆ ಸಮೀಪ

ಉತ್ತರ: ನಿಮ್ಮ ಹಿರಿಯರು ಕೇಳಿರುವುದು ಸರಿಯಾದ ಪ್ರಶ್ನೆ. ಅದಕ್ಕೆ ಲಿಖಿತ ಉತ್ತರ ಸಿಗುವ ತನಕ ಸಹಿ ಹಾಕುವ ಅವಸರ ನಿಮಗೇನೂ ಇಲ್ಲ. ಸಮೀಕ್ಷೆಗೆ ಒಪ್ಪುವುದು ಒಂದು ಮಾತು; ಬರೆದುಕೊಂಡ ಮಾಹಿತಿ ಆಮೇಲೆ ಯಾರ ಕೈಗೆ ಹೋಗಬಹುದು ಎಂಬುದು ಇನ್ನೊಂದು ಮಾತು. ಈ ಎರಡನೆಯದನ್ನು ವಿವರಿಸುವ ಕಾಗದವನ್ನೇ ಮಾಹಿತಿ ಹಂಚಿಕೆ ನೀತಿ ಎನ್ನುತ್ತೇವೆ. ನಾನು ಕಂಡಂತೆ, ಹೆಚ್ಚಿನ ತಂಡಗಳು ಈ ಕಾಗದವನ್ನು ಬರೆಯಲು ಕೂರುವುದು ಸಮೀಕ್ಷೆಯೆಲ್ಲ ಮುಗಿದು ವರದಿ ಅಚ್ಚಿಗೆ ಹೋಗುವ ಹೊತ್ತಿಗೆ. ಅಷ್ಟರಲ್ಲಿ ಯಾವ ಮಾತು ಕೊಟ್ಟು ಮಾಹಿತಿ ಪಡೆದಿದ್ದೆವು ಎಂಬುದು ಕೊಟ್ಟವರಿಗೂ ನೆನಪಿರುವುದಿಲ್ಲ, ಪಡೆದವರಿಗೂ ನೆನಪಿರುವುದಿಲ್ಲ. ಆದ್ದರಿಂದ ಮೊದಲ ದಿನದ ಮೊದಲ ಪುಟ ತುಂಬುವುದಕ್ಕೆ ಮುಂಚೆಯೇ ನೀತಿ ಸಿದ್ಧವಾಗಿರಬೇಕು, ಮತ್ತು ಅದನ್ನು ಬರೆಯುವಾಗ ನಿಮ್ಮ ಸಂಘದವರು ಎದುರಿಗೆ ಕುಳಿತಿರಬೇಕು ಎಂದು ಪಟ್ಟು ಹಿಡಿಯಿರಿ.

ನಿಮ್ಮಿಂದ ಕೇಳುತ್ತಿರುವ ಮಾಹಿತಿ ಒಂದೇ ಬಗೆಯದಲ್ಲ ಎಂಬುದನ್ನು ಮೊದಲು ಗಮನಿಸಬೇಕು. ಒಂದು ತಿಂಗಳಲ್ಲಿ ನಿಮ್ಮ ಊರಿನಲ್ಲಿ ಒಟ್ಟು ಎಷ್ಟು ಬಂಗುಡೆ, ಎಷ್ಟು ಬೂತಾಯಿ ಇಳಿಯಿತು ಎಂಬುದು ಎಲ್ಲರಿಗೂ ತಿಳಿಯಬೇಕಾದ ಸಂಗತಿ. ಅದನ್ನು ಮುಚ್ಚಿಡುವುದರಿಂದ ಯಾರಿಗೂ ಲಾಭವಿಲ್ಲ, ಎಲ್ಲರಿಗೂ ನಷ್ಟವಿದೆ. ಇಂಥ ದೋಣಿಗೆ ಇಂಥ ದಿನ ಇಷ್ಟು ಸಿಕ್ಕಿತು, ಸೀಮೆಎಣ್ಣೆಗೆ ಇಷ್ಟು ಖರ್ಚಾಯಿತು, ದೋಣಿಯಲ್ಲಿ ದುಡಿಯುವ ಕಲಾಸಿಗಳಿಗೆ ಇಷ್ಟು ಪಾಲು ಹೋಯಿತು ಎಂಬುದು ಮನೆಯ ಲೆಕ್ಕ. ಬಲೆ ಹಾಕಿದ ಜಾಗವಂತೂ ಮನೆಯ ಲೆಕ್ಕಕ್ಕಿಂತಲೂ ಸೂಕ್ಷ್ಮವಾದದ್ದು, ಏಕೆಂದರೆ ಅದು ಅಪ್ಪನಿಂದ ಮಗನಿಗೆ ಬಂದ ಆಸ್ತಿ. ಕೇಂದ್ರ ಸರ್ಕಾರವು 2012ರಲ್ಲಿ ಹೊರಡಿಸಿದ ರಾಷ್ಟ್ರೀಯ ದತ್ತಾಂಶ ಹಂಚಿಕೆ ಮತ್ತು ಲಭ್ಯತಾ ನೀತಿಯು ಸಾರ್ವಜನಿಕ ಹಣದಿಂದ ಸಂಗ್ರಹವಾದ ಮಾಹಿತಿಯನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ: ಯಾರು ಬೇಕಾದರೂ ನೋಡಬಹುದಾದ ಮುಕ್ತ ಮಾಹಿತಿ, ಹೆಸರು ನೋಂದಾಯಿಸಿಕೊಂಡವರಿಗೆ ಮಾತ್ರ ಸಿಗುವ ಮಾಹಿತಿ, ಮತ್ತು ಅನುಮತಿಯಿಲ್ಲದೆ ಯಾರಿಗೂ ಸಿಗದ ನಿರ್ಬಂಧಿತ ಮಾಹಿತಿ. ಮುಕ್ತವಾಗಿಡುವುದೇ ನಿಯಮ, ಮುಚ್ಚಿಡುವುದಕ್ಕೆ ಕಾರಣ ಕೊಡಬೇಕು ಎಂಬುದು ಆ ನೀತಿಯ ಒಟ್ಟು ಧೋರಣೆ. ಈ ಮೂರು ಬಗೆಯನ್ನೇ ನಿಮ್ಮ ಮಾತುಕತೆಗೂ ಆಧಾರವಾಗಿಟ್ಟುಕೊಳ್ಳಿ. ತಂಡದವರ ಪ್ರಶ್ನಾವಳಿಯನ್ನು ಎದುರಿಗಿಟ್ಟುಕೊಂಡು, ಪ್ರತಿಯೊಂದು ಪ್ರಶ್ನೆಯ ಮುಂದೆಯೂ ಇದು ಯಾವ ಬಗೆಗೆ ಸೇರುತ್ತದೆ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿಸಿ. ಒಂದು ಸಂಜೆ ಸಾಲದು, ಎರಡು ಸಂಜೆ ಬೇಕಾದೀತು. ಆದರೆ ಆ ಎರಡು ಸಂಜೆಗಳಲ್ಲಿ ಆಗುವ ಕೆಲಸ ಮುಂದಿನ ಮೂರು ವರ್ಷ ಜಗಳವಿಲ್ಲದಂತೆ ನೋಡಿಕೊಳ್ಳುತ್ತದೆ.

ಭಾಷೆಯ ವಿಷಯವನ್ನೂ ಬಿಡಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಒಪ್ಪಿಗೆಯು ಒತ್ತಾಯವಿಲ್ಲದ್ದೂ ನಿರ್ದಿಷ್ಟ ಉದ್ದೇಶಕ್ಕೆ ಕೊಟ್ಟದ್ದೂ ವಿಷಯ ತಿಳಿದುಕೊಂಡು ಕೊಟ್ಟದ್ದೂ ಆಗಿರಬೇಕು, ಮತ್ತು ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದಿಕೊಳ್ಳುವ ಅವಕಾಶ ಇರಬೇಕು. ಕನ್ನಡವೂ ಕೊಂಕಣಿಯೂ ಆ ಪಟ್ಟಿಯಲ್ಲಿವೆ. ತುಳುವೂ ಬ್ಯಾರಿಯೂ ಇಲ್ಲ. ನಮ್ಮ ದಕ್ಕೆಗಳಲ್ಲಿ ಮಾತೆಲ್ಲ ನಡೆಯುವುದು ತುಳುವಿನಲ್ಲಿ. ಆದ್ದರಿಂದ ಕಾನೂನು ಕೇಳಲಿ, ಕೇಳದಿರಲಿ, ಆ ಪತ್ರವನ್ನು ಸಂಘದ ಸಭೆಯಲ್ಲಿ ತುಳುವಿನಲ್ಲಿ ಗಟ್ಟಿಯಾಗಿ ಓದಿ ಹೇಳಬೇಕು ಎಂಬುದನ್ನು ನೀತಿಯಲ್ಲೇ ಸೇರಿಸಿ. ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯುವ ಹಕ್ಕನ್ನೂ ಅದೇ ಕಾಯ್ದೆ ನೀಡುತ್ತದೆ. ಹಿಂಪಡೆಯಬೇಕೆಂದರೆ ಯಾರಿಗೆ, ಹೇಗೆ ತಿಳಿಸಬೇಕು ಎಂಬುದೂ ಅಲ್ಲಿ ಸ್ಪಷ್ಟವಾಗಿರಲಿ.

ಯೋಜನೆ ಮುಗಿದ ಮೇಲೆ ಮಾಹಿತಿ ಯಾರ ವಶದಲ್ಲಿರುತ್ತದೆ ಎಂಬುದನ್ನು ಕೇಳಲು ಮರೆಯಬಾರದು. ತಂಡದಲ್ಲಿದ್ದವರು ಬೇರೆ ಊರಿಗೆ, ಬೇರೆ ಕೆಲಸಕ್ಕೆ ಹೋಗುತ್ತಾರೆ; ಲೆಕ್ಕವಿದ್ದ ಲ್ಯಾಪ್‌ಟಾಪು ಅವರ ಜೊತೆಗೇ ಹೋಗುತ್ತದೆ. ಮಾಹಿತಿಗೆ ಹೊಣೆಯಾದ ಹುದ್ದೆ ಯಾವುದು, ಮೂಲ ಪುಸ್ತಕಗಳು ಎಷ್ಟು ವರ್ಷ ಇರುತ್ತವೆ, ಹೆಸರಿರುವ ಪಟ್ಟಿಯನ್ನು ಯಾವಾಗ ನಾಶ ಮಾಡುತ್ತಾರೆ ಎಂಬುದೆಲ್ಲ ಬರಹದಲ್ಲಿರಬೇಕು. ಮುಂದೆ ಮೂರನೆಯವರು ಯಾರಾದರೂ ನಿರ್ಬಂಧಿತ ಮಾಹಿತಿಯನ್ನು ಕೇಳಿಕೊಂಡು ಬಂದರೆ, ಕೊಡುವುದೋ ಬೇಡವೋ ಎಂದು ನಿರ್ಧರಿಸುವ ಸಮಿತಿಯಲ್ಲಿ ನಿಮ್ಮ ಸಂಘದ ಇಬ್ಬರಾದರೂ ಇರಬೇಕು, ಮತ್ತು ಅವರು ಬೇಡವೆಂದರೆ ಆ ಮಾತಿಗೆ ಬೆಲೆ ಇರಬೇಕು. ಸುಮ್ಮನೆ ಕುಳ್ಳಿರಿಸಿ ಚಹಾ ಕೊಟ್ಟು ಕಳುಹಿಸುವ ಸಮಿತಿಯಾದರೆ ಅದು ಇಲ್ಲದಿರುವುದೇ ಮೇಲು.

ಪ್ರಶ್ನೆ: ನನಗೆ ಎರಡು ಟ್ರಾಲ್ ಬೋಟುಗಳಿವೆ. ಬೋಟು ದಕ್ಕೆಗೆ ಬಂದಾಗ ಲೆಕ್ಕ ಬರೆಯುವವರು ಎಲ್ಲಿ, ಎಷ್ಟು ಮಾರು ಆಳದಲ್ಲಿ ಬಲೆ ಎಳೆದಿರಿ ಎಂದು ಬೋಟು ನಡೆಸುವ ತಾಂಡೇಲರನ್ನು ವಿಚಾರಿಸುತ್ತಾರೆ. ನಿಜ ಹೇಳಿದರೆ ಮರುವಾರ ಆ ಜಾಗದಲ್ಲಿ ಹತ್ತು ಬೋಟುಗಳಿರುತ್ತವೆ ಎಂಬ ಭಯ ನಮ್ಮದು. ತೆರಿಗೆಯವರಿಗೋ ಡೀಸೆಲ್ ಸಬ್ಸಿಡಿಯವರಿಗೋ ಲೆಕ್ಕ ಹೋದೀತೆಂಬ ಭಯವೂ ಇದೆ. ಆದ್ದರಿಂದ ನಮ್ಮವರು ಬೇರೆ ಜಾಗದ ಹೆಸರು ಹೇಳಿಬಿಡುತ್ತಾರೆ. ಇದರಿಂದ ಏನಾದರೂ ತೊಂದರೆಯಿದೆಯೇ? – ಬೋಟು ಮಾಲೀಕರು, ಮಂಗಳೂರು

ಉತ್ತರ: ತೊಂದರೆಯಿದೆ. ಆದರೆ ನಿಮ್ಮ ಭಯವನ್ನು ನಾನು ಅಲ್ಲಗಳೆಯುವುದಿಲ್ಲ, ಏಕೆಂದರೆ ಅಂಥದೊಂದು ತಪ್ಪು ನನ್ನ ಕೈಯಿಂದಲೇ ಆಗಿದೆ.

ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ಕಾಪು ಸಮೀಪದ ಹಿರಿಯ ಮೀನುಗಾರರೊಬ್ಬರು ಸಮುದ್ರದಡಿಯ ಒಂದು ಬಂಡೆಯ ಸುತ್ತ ಬಲೆ ಬಿಡುತ್ತಿದ್ದರು. ಕಾಪು ದೀಪಸ್ತಂಭವು ಯಾವ ತೆಂಗಿನ ತೋಪಿನ ನೇರಕ್ಕೆ ಬರಬೇಕು, ಹಿಂದಿನ ಘಟ್ಟದ ಯಾವ ತಲೆ ಎಷ್ಟು ಕಾಣಬೇಕು ಎಂಬ ಲೆಕ್ಕದ ಮೇಲೆ ಅವರು ಆ ಜಾಗವನ್ನು ಹುಡುಕುತ್ತಿದ್ದರು. ಅವರ ಅಪ್ಪ ಹೇಳಿಕೊಟ್ಟ ಲೆಕ್ಕ ಅದು. ನನ್ನ ಮೇಲಿನ ವಿಶ್ವಾಸದಿಂದ ಒಂದು ದಿನ ನನ್ನನ್ನೂ ದೋಣಿಯಲ್ಲಿ ಕರೆದೊಯ್ದರು. ನಾನು ಕೈಯಲ್ಲಿದ್ದ ಜಿಪಿಎಸ್ ನೋಡಿ ಅಂಕಿಗಳನ್ನು ಬರೆದುಕೊಂಡೆ. ಮುಂದೆ ವರದಿಯ ನಕ್ಷೆಯಲ್ಲಿ ಅದು ಒಂದು ಕಪ್ಪು ಚುಕ್ಕೆಯಾಗಿ ಅಚ್ಚಾಯಿತು, ಕೊನೆಯ ಪುಟದ ಕೋಷ್ಟಕದಲ್ಲಿ ಅಂಕಿಗಳೂ ಅಚ್ಚಾದವು. ಮರು ಋತುವಿನಲ್ಲಿ ಜಿಪಿಎಸ್ ಇದ್ದ ಬೇರೆ ಬೋಟುಗಳು ಆ ಬಂಡೆಯ ಸುತ್ತ ಕಾಣಿಸಿಕೊಂಡವು. ಆ ಹಿರಿಯರು ನನ್ನೊಡನೆ ಜಗಳವಾಡಲಿಲ್ಲ. ದಡದಲ್ಲಿ ಎದುರಾದಾಗ ನನ್ನತ್ತ ಬೆನ್ನು ಮಾಡಿ, ಹರಿದ ಬಲೆಯ ಕಣ್ಣುಗಳನ್ನು ಹೊಲಿಯುತ್ತ ಕುಳಿತರು. ಆ ಅಂಕಿಗಳನ್ನು ಅಚ್ಚು ಮಾಡಬೇಕೇ ಎಂದು ಅವರನ್ನು ಒಂದು ಮಾತು ಕೇಳುವುದು ನನಗಾಗಲಿ, ವರದಿಯನ್ನು ಪ್ರಕಟಿಸಿದವರಿಗಾಗಲಿ ಹೊಳೆದಿರಲಿಲ್ಲ; ಕೇಳಬೇಕೆಂದು ಹೇಳುವ ನೀತಿಯೂ ಇರಲಿಲ್ಲ.

ಇದನ್ನು ತಪ್ಪಿಸುವ ದಾರಿ ಕಷ್ಟದ್ದಲ್ಲ. ಅಕ್ಷಾಂಶ, ರೇಖಾಂಶಗಳನ್ನು ಡಿಗ್ರಿಯಲ್ಲಿ ಬರೆಯುವಾಗ ದಶಾಂಶ ಬಿಂದುವಿನ ನಂತರ ನಾಲ್ಕು ಅಂಕಿಗಳಿದ್ದರೆ ಸುಮಾರು 11 ಮೀಟರಿನ ನಿಖರತೆ ಇರುತ್ತದೆ, ಅಂದರೆ ಬಂಡೆಯನ್ನೇ ತೋರಿಸಿಕೊಟ್ಟಂತೆ. ಎರಡು ಅಂಕಿಗಳಿದ್ದರೆ ಸುಮಾರು ಒಂದು ಕಿಲೋಮೀಟರು, ಒಂದೇ ಅಂಕಿಯಿದ್ದರೆ ಸುಮಾರು 11 ಕಿಲೋಮೀಟರು. ಮೀನಿನ ಸಂಪತ್ತು ಹೆಚ್ಚುತ್ತಿದೆಯೋ ಕುಗ್ಗುತ್ತಿದೆಯೋ ಎಂದು ತಿಳಿಯಲು ಕೊನೆಯದೇ ಬಹುಮಟ್ಟಿಗೆ ಸಾಕು. ಜಾಗದ ಮಾಹಿತಿಯನ್ನು ಹೀಗೆ ನಕ್ಷೆಯ ದೊಡ್ಡ ಚೌಕಗಳಿಗೆ ಇಳಿಸಿ, ಕನಿಷ್ಠ ಎರಡು ಋತು ಕಳೆದ ಮೇಲೆ ಪ್ರಕಟಿಸಬೇಕು ಎಂಬುದು ನನ್ನ ಅಭಿಪ್ರಾಯ. ಋತು ಎಂದರೆ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧ ಕಳೆದು ಬೋಟುಗಳು ಕಡಲಿಗಿಳಿದ ದಿನದಿಂದ ಮೇ ಕೊನೆಯವರೆಗೆ. ಕೆಲವು ಸಂಶೋಧಕರು ಇಷ್ಟು ದೀರ್ಘ ಕಾಯುವಿಕೆಯನ್ನು ಒಪ್ಪುವುದಿಲ್ಲ. ಆದರೆ ಚೌಕ ದೊಡ್ಡದಾದಷ್ಟೂ ಕಾಯುವ ಅವಧಿಯನ್ನು ಕಡಿಮೆ ಮಾಡಬಹುದು. ಚೌಕವೂ ಚಿಕ್ಕದು, ಅವಧಿಯೂ ಕಡಿಮೆ ಎಂಬುದನ್ನು ಮಾತ್ರ ಒಪ್ಪಲಾಗದು.

ಇನ್ನೊಂದು ರಕ್ಷಣೆ ಮೂರು ಬೋಟುಗಳ ನಿಯಮ. ಪಶ್ಚಿಮ ಮತ್ತು ಮಧ್ಯ ಪೆಸಿಫಿಕ್ ಸಾಗರದ ಟ್ಯೂನಾ ಮೀನುಗಾರಿಕೆಯನ್ನು ನೋಡಿಕೊಳ್ಳುವ ಅಂತರರಾಷ್ಟ್ರೀಯ ಆಯೋಗವು, ಒಂದು ಚೌಕದಲ್ಲಿ ಮೂರಕ್ಕಿಂತ ಕಡಿಮೆ ಹಡಗುಗಳು ಮೀನು ಹಿಡಿದಿದ್ದರೆ ಆ ಚೌಕದ ಅಂಕಿಗಳನ್ನು ಸಾರ್ವಜನಿಕಗೊಳಿಸುವುದಿಲ್ಲ. ಅಮೆರಿಕದಲ್ಲಿಯೂ ಇಂಥದೇ ಪದ್ಧತಿಯಿದೆ. ಕಾರಣ ಸರಳವಾದದ್ದು: ಒಂದೇ ಬೋಟು ಇದ್ದರೆ ಹೆಸರು ಹೇಳದಿದ್ದರೂ ಹೇಳಿದಂತೆಯೇ, ಎರಡಿದ್ದರೆ ಒಟ್ಟು ಮೊತ್ತದಿಂದ ತನ್ನ ಪಾಲನ್ನು ಕಳೆದು ಮತ್ತೊಬ್ಬರದನ್ನು ತಿಳಿದುಕೊಳ್ಳಬಹುದು. ಇಲ್ಲಿ ಎರಡು ಬಿರುಕುಗಳನ್ನು ಮುಚ್ಚಬೇಕಾಗುತ್ತದೆ. ಮೂರು ಬೋಟುಗಳಿದ್ದು ಒಂದಕ್ಕೇ 900 ಕಿಲೋ ಅಂಜಲ್ ಮೀನು, ಉಳಿದೆರಡಕ್ಕೆ ತಲಾ 50 ಕಿಲೋ ಸಿಕ್ಕಿದ್ದರೆ, ಒಟ್ಟು 1,000 ಎಂದು ಪ್ರಕಟಿಸಿದ ಕೂಡಲೇ ಹೆಚ್ಚು ಸಿಕ್ಕಿದ ಆ ಬೋಟಿನ ಗುಟ್ಟು ಬಹುಪಾಲು ಬಯಲಾಗುತ್ತದೆ. ಹಾಗೆಯೇ, ಜಿಲ್ಲೆಯ ಒಟ್ಟು ಮೊತ್ತವನ್ನೂ ಒಂದನ್ನು ಬಿಟ್ಟು ಉಳಿದೆಲ್ಲ ದಕ್ಕೆಗಳ ಮೊತ್ತವನ್ನೂ ಕೊಟ್ಟರೆ, ಬಿಟ್ಟದ್ದನ್ನು ಕಂಡುಹಿಡಿಯಲು ಕಳೆಯುವ ಲೆಕ್ಕವೊಂದೇ ಸಾಕು. ಒಂದನ್ನು ಮುಚ್ಚುವಾಗ ಜೊತೆಗೆ ಇನ್ನೊಂದನ್ನೂ ಮುಚ್ಚಬೇಕಾಗುತ್ತದೆ ಎಂಬ ಈ ಸೂಕ್ಷ್ಮ ನೀತಿಯಲ್ಲಿ ಬರೆದಿದ್ದರೆ ಮಾತ್ರ ಕೆಳಗಿನ ಸಿಬ್ಬಂದಿ ಅದನ್ನು ಪಾಲಿಸುತ್ತಾರೆ.

ತೆರಿಗೆ ಮತ್ತು ಸಬ್ಸಿಡಿಯ ಭಯಕ್ಕೆ ಬರೋಣ. 2008ರ ಅಂಕಿಅಂಶ ಸಂಗ್ರಹಣಾ ಕಾಯ್ದೆಯಡಿ ನಡೆಯುವ ಸಮೀಕ್ಷೆಯಲ್ಲಿ ಕೊಟ್ಟ ಮಾಹಿತಿಯನ್ನು ಅಂಕಿಅಂಶದ ಉದ್ದೇಶಕ್ಕೆ ಮಾತ್ರ ಬಳಸಬೇಕು, ಕೊಟ್ಟವರ ಗುರುತು ತೆಗೆಯದೆ ಬೇರೆ ಯಾವ ಸಂಸ್ಥೆಗೂ ಕೊಡಬಾರದು ಎಂದು ಕಾಯ್ದೆಯ 9ನೆಯ ಸೆಕ್ಷನ್ ಹೇಳುತ್ತದೆ. ಆದರೆ ಎಲ್ಲ ಸಮೀಕ್ಷೆಗಳೂ ಆ ಕಾಯ್ದೆಯಡಿ ನಡೆಯುವುದಿಲ್ಲ. ನಿಮ್ಮ ಬಳಿ ಬಂದವರು ಯಾವ ಕಾನೂನಿನಡಿ ಬಂದಿದ್ದಾರೆ ಎಂದು ಕೇಳುವುದು ನಿಮ್ಮ ಹಕ್ಕು. ಕಾಯ್ದೆಯ ಆಸರೆ ಇಲ್ಲದ ಕಡೆ, ಈ ಲೆಕ್ಕವನ್ನು ದಂಡ, ತೆರಿಗೆ, ಸಬ್ಸಿಡಿ ಕಡಿತಗಳಿಗೆ ಬಳಸುವುದಿಲ್ಲ ಎಂಬ ಸಾಲು ನೀತಿಯಲ್ಲಿಯೇ ಇರಬೇಕು.

ಇಷ್ಟೆಲ್ಲ ಹೇಳಿದ ಮೇಲೆ ನಿಮ್ಮ ಪ್ರಶ್ನೆಯ ಮುಖ್ಯ ಭಾಗ. ಎಲ್ಲ ಬೋಟುಗಳನ್ನು ಎಲ್ಲ ದಿನವೂ ಎಣಿಸಲು ಯಾರಿಗೂ ಸಾಧ್ಯವಿಲ್ಲ. 1947ರಲ್ಲಿ ಸ್ಥಾಪನೆಯಾದ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ಮಾದರಿ ಸಮೀಕ್ಷಾ ಪದ್ಧತಿಯಲ್ಲಿ, ಆಯ್ದ ದಕ್ಕೆಯಲ್ಲಿ ಆಯ್ದ ಮೊದಲ ದಿನ ಮಧ್ಯಾಹ್ನ 12ರಿಂದ ಸಂಜೆ 6ರವರೆಗೆ, ಮರುದಿನ ಬೆಳಿಗ್ಗೆ 6ರಿಂದ 12ರವರೆಗೆ ಎಣಿಕೆ ನಡೆಯುತ್ತದೆ. 15 ಬೋಟುಗಳವರೆಗೆ ಬಂದರೆ ಎಲ್ಲವನ್ನೂ ನೋಡುತ್ತಾರೆ. ಹೆಚ್ಚು ಬಂದರೆ ಅವುಗಳಲ್ಲಿ ಕೆಲವನ್ನು ಮಾತ್ರ ನೋಡಿ ಉಳಿದದ್ದನ್ನು ಲೆಕ್ಕ ಹಾಕುತ್ತಾರೆ. ಹಾಗಾಗಿ ನಿಮ್ಮ ತಾಂಡೇಲರು ಕೊಡುವ ಉತ್ತರ ನಿಮ್ಮ ಒಂದು ಬೋಟಿನದಲ್ಲ, ಆ ದಿನ ಎಣಿಕೆಗೆ ಸಿಗದ ಹಲವು ಬೋಟುಗಳ ಪರವಾಗಿ ಕೊಟ್ಟ ಉತ್ತರ. 20 ಮಾರು ಆಳದಲ್ಲಿ ಎಳೆದದ್ದನ್ನು 40 ಮಾರು ಎಂದರೆ, ದಡದ ಸಮೀಪದ ಮೀನಿನ ಮೇಲೆ ಬೀಳುತ್ತಿರುವ ಒತ್ತಡ ಅಷ್ಟರ ಮಟ್ಟಿಗೆ ಲೆಕ್ಕದಿಂದ ಮಾಯವಾಗುತ್ತದೆ. ಹೇಳಲು ಇಷ್ಟವಿಲ್ಲದಿದ್ದರೆ "ಹೇಳುವುದಿಲ್ಲ" ಎಂದೇ ಹೇಳಿಸಿ. ಖಾಲಿ ಬಿಟ್ಟ ಕಲಮನ್ನು ಸರಿದೂಗಿಸುವ ವಿಧಾನಗಳು ಅಂಕಿಅಂಶ ಶಾಸ್ತ್ರದಲ್ಲಿವೆ. ಸುಳ್ಳು ತುಂಬಿದ ಕಲಮು ಸುಳ್ಳೆಂದು ಗೊತ್ತಾಗುವುದೇ ಇಲ್ಲ.

ಪ್ರಶ್ನೆ: ಸಮೀಕ್ಷೆಯವರಿಗೆ ಕೊಟ್ಟ ನಮ್ಮ ಬೋಟಿನ ಲೆಕ್ಕವನ್ನು ಬೇರೆಯವರು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಪಡೆಯಬಹುದೇ? – ಓದುಗರು, ಗಂಗೊಳ್ಳಿ

ಉತ್ತರ: ಸರ್ಕಾರಿ ಸಂಸ್ಥೆಯ ಬಳಿ ಇರುವ ಮಾಹಿತಿಗೆ ಅರ್ಜಿ ಹಾಕಲು ಎಲ್ಲ ನಾಗರಿಕರಿಗೂ ಅವಕಾಶವಿದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 8ನೆಯ ಸೆಕ್ಷನ್ ವ್ಯಾಪಾರದ ಗುಟ್ಟು, ನಂಬಿ ಒಪ್ಪಿಸಿದ ಮಾಹಿತಿ ಮತ್ತು ವೈಯಕ್ತಿಕ ಮಾಹಿತಿಗಳಿಗೆ ವಿನಾಯಿತಿ ಕೊಡುತ್ತದೆ. ಆದರೆ ಹೆಚ್ಚಿನ ಸಾರ್ವಜನಿಕ ಹಿತವಿದೆ ಎಂದು ಕಂಡುಬಂದರೆ ಅದನ್ನೂ ಕೊಡಬೇಕಾಗಬಹುದು. 10ನೆಯ ಸೆಕ್ಷನ್ ಪ್ರಕಾರ ಗುಟ್ಟಿನ ಭಾಗವನ್ನು ತೆಗೆದು ಉಳಿದದ್ದನ್ನು ಕೊಡಬಹುದು. ಗುಟ್ಟಾಗಿಡುತ್ತೇವೆ ಎಂದು ಅಧಿಕಾರಿಯೊಬ್ಬರು ಬರೆದುಕೊಟ್ಟ ಮಾತೊಂದೇ ಕಾನೂನಿನ ಎದುರು ಗಟ್ಟಿ ಗೋಡೆಯಾಗಲಾರದು. ಆದ್ದರಿಂದ ನಿಜವಾದ ರಕ್ಷಣೆಯಿರುವುದು ಮಾಹಿತಿಯನ್ನು ಇಡುವ ಕ್ರಮದಲ್ಲಿ: ಲೆಕ್ಕದ ಪುಸ್ತಕದಲ್ಲಿ ಬೋಟಿನ ಹೆಸರಿಗೂ ನೋಂದಣಿ ಸಂಖ್ಯೆಗೂ ಬದಲಾಗಿ ಒಂದು ಗುರುತು ಸಂಖ್ಯೆಯನ್ನು ಬರೆದು, ಯಾವ ಸಂಖ್ಯೆ ಯಾರದು ಎಂಬ ಪಟ್ಟಿಯನ್ನು ಬೇರೆಡೆ ಇಟ್ಟು, ಪರಿಶೀಲನೆ ಮುಗಿದ ಮೇಲೆ ನೀತಿಯಲ್ಲಿ ಮೊದಲೇ ನಿಗದಿಪಡಿಸಿದ ದಿನ ಆ ಪಟ್ಟಿಯನ್ನು ನಾಶ ಮಾಡಬೇಕು. ಇಲ್ಲದ ಪಟ್ಟಿಯನ್ನು ಯಾರೂ ಕೊಡಲಾಗದು.

ಪ್ರಶ್ನೆ: ಬೋಟು ಎಲ್ಲಿದೆ ಎಂದು ಉಪಗ್ರಹದ ಮೂಲಕ ತಿಳಿಸಲು ಬೋಟುಗಳಿಗೆ ಅಳವಡಿಸುತ್ತಿರುವ ಟ್ರಾನ್ಸ್‌ಪಾಂಡರಿನ ಮಾಹಿತಿಯನ್ನೂ ಸಮೀಕ್ಷೆಗೆ ಬಳಸಬಹುದಲ್ಲವೇ? ಮೀನುಗಾರರನ್ನು ಕೇಳುವ ಕೆಲಸವೇ ತಪ್ಪುತ್ತದೆ. – ಎಂಜಿನಿಯರಿಂಗ್ ವಿದ್ಯಾರ್ಥಿ, ಸುರತ್ಕಲ್

ಉತ್ತರ: ತಾಂತ್ರಿಕವಾಗಿ ಬಳಸಬಹುದು, ಆದರೆ ಕೇಳದೆ ಬಳಸಬಾರದು. ಇಸ್ರೋ ತಂತ್ರಜ್ಞಾನದ ಈ ಸಾಧನವನ್ನು ದೇಶದ ಕರಾವಳಿ ರಾಜ್ಯಗಳ ಒಂದು ಲಕ್ಷ ಬೋಟುಗಳಿಗೆ ಅಳವಡಿಸುವ ಯೋಜನೆಗೆ 2024ರ ಆಗಸ್ಟ್‌ನಲ್ಲಿ ಚಾಲನೆ ಸಿಕ್ಕಿತು. ಮೀನುಗಾರರು ಅದನ್ನು ಬೋಟಿಗೆ ಹಾಕಿಸಿಕೊಳ್ಳುವುದು ಜೀವರಕ್ಷಣೆಯ ಸಲುವಾಗಿ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು ಏಳು ಮಂದಿಯೊಂದಿಗೆ ಕಾಣೆಯಾಗಿ, ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣ ಸಮೀಪದ ಕಡಲಿನಲ್ಲಿ ಸಿಕ್ಕಿದ್ದು ಮರುವರ್ಷದ ಮೇ ತಿಂಗಳಲ್ಲಿ. ಅಷ್ಟು ತಿಂಗಳು ಮನೆಯವರು ಕಾದದ್ದನ್ನು ನೋಡಿದ ನಮ್ಮ ಕರಾವಳಿಯವರಿಗೆ ಈ ಸಾಧನದ ಬೆಲೆಯನ್ನು ಯಾರೂ ವಿವರಿಸಬೇಕಾಗಿಲ್ಲ. ಆ ನಂಬಿಕೆಯ ಮೇಲೆ ಪಡೆದ ಮಾಹಿತಿಯನ್ನು ಸದ್ದಿಲ್ಲದೆ ಬೇರೆ ಕೆಲಸಕ್ಕೆ ತಿರುಗಿಸಿದರೆ, ಕಡಲಿನ ಮಧ್ಯದಲ್ಲಿ ಸಾಧನವನ್ನು ಆರಿಸಿಡುವವರು ಹುಟ್ಟಿಕೊಳ್ಳುತ್ತಾರೆ, ಆಗ ಜೀವರಕ್ಷಣೆಯೂ ಇಲ್ಲ. ರಕ್ಷಣಾ ಕಾರ್ಯಾಚರಣೆಗೆ ಮಾಹಿತಿ ಆ ಕ್ಷಣದಲ್ಲೇ, ಯಾರ ಅನುಮತಿಗೂ ಕಾಯದೆ ಸಿಗಬೇಕು. ಸಂಶೋಧನೆಗೆ ಪ್ರತ್ಯೇಕ ಒಪ್ಪಿಗೆ, ದೊಡ್ಡ ಚೌಕ, ತಡವಾದ ಪ್ರಕಟಣೆ ಇರಬೇಕು. ಇನ್ನು, ಬೋಟು ಎಲ್ಲಿತ್ತು ಎಂದು ಸಾಧನ ಹೇಳುತ್ತದೆಯೇ ಹೊರತು, ಬಲೆಗೆ ಏನು ಬಿತ್ತು, ಏನನ್ನು ಮತ್ತೆ ಕಡಲಿಗೆ ಎಸೆದರು ಎಂಬುದನ್ನು ಹೇಳುವುದಿಲ್ಲ. ಕೇಳುವ ಕೆಲಸ ತಪ್ಪುವುದಿಲ್ಲ.

ಪ್ರಶ್ನೆ: ನಾನು ಕೋಡಿಬೆಂಗ್ರೆಯ ಅಳಿವೆಯಲ್ಲಿ ಮರುವಾಯಿ (ಚಿಪ್ಪುಮೀನು) ಹೆಕ್ಕುವ ಮಹಿಳೆಯರ ಜೊತೆ ಎರಡು ವರ್ಷ ಸಮೀಕ್ಷೆ ಮಾಡಿದ್ದೇನೆ. ನನ್ನ ಪ್ರಬಂಧವನ್ನು ಸ್ವೀಕರಿಸಿದ ವಿಜ್ಞಾನ ಪತ್ರಿಕೆಯವರು ಮೂಲ ಮಾಹಿತಿಯನ್ನೆಲ್ಲ ಮುಕ್ತವಾಗಿ ಹಾಕಬೇಕೆನ್ನುತ್ತಾರೆ. ಹಾಕಲು ನನ್ನ ಮನಸ್ಸು ಒಪ್ಪುತ್ತಿಲ್ಲ, ಹಾಕದಿದ್ದರೆ ಪ್ರಬಂಧ ತಪ್ಪಿಹೋಗುವ ಅಂಜಿಕೆ. – ಸಂಶೋಧನಾ ವಿದ್ಯಾರ್ಥಿನಿ, ಮಂಗಳೂರು

ಉತ್ತರ: ನಿಮ್ಮ ಹಿಂಜರಿಕೆಯನ್ನು ನಾನು ಗೌರವಿಸುತ್ತೇನೆ. ಹೆಚ್ಚಿನ ಪತ್ರಿಕೆಗಳು, ಜನರಿಗೆ ಅಥವಾ ಜೀವಸಂಪತ್ತಿಗೆ ಹಾನಿಯಾಗುವಂತಿದ್ದರೆ, ಕಾರಣ ಕೊಟ್ಟು ಮಾಹಿತಿಯನ್ನು ಭಾಗಶಃ ಮುಚ್ಚಿಡಲು ಅವಕಾಶ ಕೊಡುತ್ತವೆ. ಸಂಪಾದಕರಿಗೆ ಪತ್ರ ಬರೆಯಿರಿ. ಸುಲಭವಾಗಿ ಹುಡುಕಿಕೊಳ್ಳುವಂತೆಯೂ ಮತ್ತೊಬ್ಬರು ಮರುಬಳಸುವಂತೆಯೂ ಮಾಹಿತಿ ಇರಬೇಕೆಂದು ಹೇಳುವ, 2016ರಲ್ಲಿ ಪ್ರಕಟವಾದ ಫೇರ್ ತತ್ವಗಳನ್ನು ಅವರು ಉಲ್ಲೇಖಿಸಬಹುದು. ಆ ತತ್ವಗಳೂ ಎಲ್ಲವನ್ನೂ ಎಲ್ಲರಿಗೂ ತೆರೆದಿಡಬೇಕೆಂದು ಹೇಳುವುದಿಲ್ಲ. ಯಾವ ಷರತ್ತಿನ ಮೇಲೆ ಸಿಗುತ್ತದೆ ಎಂಬುದು ಸ್ಪಷ್ಟವಿರಬೇಕು ಎನ್ನುತ್ತವೆ. ಮೂಲನಿವಾಸಿ ಸಮುದಾಯಗಳ ಮಾಹಿತಿಗಾಗಿ 2019ರಲ್ಲಿ ರೂಪುಗೊಂಡ ಕೇರ್ ತತ್ವಗಳು ಇನ್ನೂ ಮುಂದೆ ಹೋಗಿ, ಮಾಹಿತಿಯ ಲಾಭ ಕೊಟ್ಟವರಿಗೂ ಮುಟ್ಟಬೇಕು, ಅದರ ಮೇಲೆ ಅವರಿಗೆ ಅಧಿಕಾರವಿರಬೇಕು ಎನ್ನುತ್ತವೆ. ಅಳಿವೆಯ ಮಹಿಳೆಯರಿಗೂ ಈ ಮಾತು ಸಲ್ಲಬೇಕೆಂದು ವಾದಿಸಲು ನನಗೆ ಸಂಕೋಚವಿಲ್ಲ.

ಯಾವ ಮರಳದಿಬ್ಬದಲ್ಲಿ ಒಂದು ಚದರ ಮೀಟರಿಗೆ ಎಷ್ಟು ಮರುವಾಯಿ ಇದೆ ಎಂಬ ನಿಖರ ನಕ್ಷೆಯನ್ನು ಹೊರಹಾಕಿದರೆ, ಇಳಿತದ ಹೊತ್ತಿಗೆ ಸೊಂಟದವರೆಗಿನ ನೀರಿನಲ್ಲಿ ಕಾಲಿನಿಂದ ತಡಕಿ ಬುಟ್ಟಿ ತುಂಬಿಸಿಕೊಳ್ಳುವವರಿಗೆ ಅದರಿಂದ ಏನೂ ಸಿಗುವುದಿಲ್ಲ. ಅವರಿಗೆ ಆ ದಿಬ್ಬ ನಿಮಗಿಂತ ಮೊದಲೇ ಗೊತ್ತು. ದೋಣಿ ತುಂಬ ಒಮ್ಮೆಗೇ ಬಾಚಿಕೊಂಡು ಹೋಗಲು ಹೊರಗಿನಿಂದ ಬರುವವರಿಗೆ ಮಾತ್ರ ಆ ನಕ್ಷೆ ಉಪಯೋಗಕ್ಕೆ ಬರುತ್ತದೆ. ಹಾಗೆಂದು ಎಲ್ಲವನ್ನೂ ಬೀಗ ಹಾಕಿಡುವುದೂ ಸರಿಯಲ್ಲ. ನಾಳೆ ಮರಳುಗಾರಿಕೆಯೋ ಬೇರೆ ಯೋಜನೆಯೋ ಆ ಅಳಿವೆಗೆ ಬಂದರೆ, ಅಲ್ಲಿ ಇಷ್ಟು ಮರುವಾಯಿ ಇತ್ತು, ಇಷ್ಟು ಮನೆಗಳು ಅದರಿಂದ ಉಣ್ಣುತ್ತಿದ್ದವು ಎಂದು ತೋರಿಸಲು ನಿಮ್ಮ ಲೆಕ್ಕವೇ ಸಾಕ್ಷಿಯಾಗಬೇಕಾದೀತು. ಆದ್ದರಿಂದ ಅಳಿವೆಯನ್ನು ಮೂರೋ ನಾಲ್ಕೋ ದೊಡ್ಡ ಭಾಗಗಳಾಗಿ ಮಾಡಿ ತಿಂಗಳುವಾರು ಸರಾಸರಿಯನ್ನು ಮುಕ್ತವಾಗಿ ಕೊಡಿ. ದಿಬ್ಬವಾರು ಮಾಹಿತಿ ಇದೆ ಎಂಬ ವಿವರಣೆಯನ್ನು ಶಾಶ್ವತ ಗುರುತು ಸಂಖ್ಯೆಯೊಂದಿಗೆ ಪ್ರಕಟಿಸಿ, ಅದನ್ನು ಪಡೆಯಲು ಕಾಲೇಜಿನ ಮೂಲಕ ಅರ್ಜಿ ಸಲ್ಲಿಸಬೇಕು ಎಂದು ನಿಬಂಧನೆ ಹಾಕಿ. ಸಂದರ್ಶನದ ಟಿಪ್ಪಣಿಗಳಲ್ಲಿ ಹೆಸರು ತೆಗೆದರೆ ಸಾಲದು. ಮೂವತ್ತೋ ನಲವತ್ತೋ ಮನೆಗಳಿರುವ ಊರಿನಲ್ಲಿ "ಗಂಡನಿಲ್ಲದ, ಮೂರು ಮಕ್ಕಳ ತಾಯಿ, ವಯಸ್ಸು 52" ಎಂದರೆ ಯಾರೆಂದು ಊರಿಗೆಲ್ಲ ಗೊತ್ತಾಗುತ್ತದೆ. ಮುಖ್ಯವಾಗಿ, ಕಳುಹಿಸುವ ಮೊದಲು ಆ ಕೋಷ್ಟಕವನ್ನು ತೆಗೆದುಕೊಂಡು ಹೋಗಿ ಅವರ ಜೊತೆ ಕುಳಿತು ಓದಿ ಹೇಳಿ. ಬೇಡವೆಂದದ್ದನ್ನು ತೆಗೆಯಿರಿ.

ಇನ್ನೊಂದು ಸಣ್ಣ ಮಾತಿದೆ, ಆದರೆ ನಾನು ಎಷ್ಟೋ ಒಳ್ಳೆಯ ಸಮೀಕ್ಷೆಗಳು ಇದೊಂದರಿಂದಲೇ ಹಾಳಾದದ್ದನ್ನು ನೋಡಿದ್ದೇನೆ. ಹಂಚುವ ಮಾಹಿತಿಯ ಜೊತೆಗೆ ಅದರ ಅರ್ಥವನ್ನೂ ಹಂಚಬೇಕು. ಒಂದು ಬುಟ್ಟಿ ಎಂದರೆ ನಿಮ್ಮ ಅಳಿವೆಯಲ್ಲಿ ಎಷ್ಟು ಕಿಲೋ, ತೂಗಿ ನೋಡಿದ್ದೀರೋ ಅಂದಾಜೋ, ಆಳವನ್ನು ಮಾರಿನಲ್ಲಿ ಕೇಳಿ ಮೀಟರಿಗೆ ತಿರುಗಿಸುವಾಗ ಒಂದು ಮಾರಿಗೆ ಎಷ್ಟು ಹಿಡಿದಿರಿ ಎಂಬುದೆಲ್ಲ ಬರಹದಲ್ಲಿರಲಿ. ಹೆಸರುಗಳ ವಿಷಯದಲ್ಲಿಯೂ ಅಷ್ಟೇ: ಮಂಗಳೂರಿನವರು ಬೂತಾಯಿ ಎನ್ನುವುದನ್ನು ಕುಂದಾಪುರದವರು ಬೈಗೆ ಎನ್ನುತ್ತಾರೆ, ಕೊಂಕಣಿಯವರು ತಾರ್ಲೆ ಎನ್ನುತ್ತಾರೆ. ಮೂರು ಸಮೀಕ್ಷೆಗಳನ್ನು ಒಟ್ಟು ಸೇರಿಸುವವರು ಇದನ್ನು ತಿಳಿಯದೆ ಒಂದೇ ಮೀನನ್ನು ಮೂರು ಮೀನಾಗಿ ಎಣಿಸಬಾರದಲ್ಲ. ಊರ ಹೆಸರನ್ನೂ ವೈಜ್ಞಾನಿಕ ಹೆಸರನ್ನೂ ಎರಡು ಕಲಮುಗಳಲ್ಲಿ ಅಕ್ಕಪಕ್ಕ ಇಡಿ. ಊರ ಹೆಸರನ್ನು ಅಳಿಸಬೇಡಿ.

ಪ್ರಶ್ನೆ: ನಾವು ಮೀನು ಮಾರುವ ಹೆಂಗಸರು. ಬೆಲೆ ಎಷ್ಟು, ಉಳಿದದ್ದೆಷ್ಟು ಎಂದು ಕೇಳಿಕೊಂಡು ಬರೆಯುವವರು ವರ್ಷಕ್ಕೆ ಎರಡು ಸಲವಾದರೂ ಬರುತ್ತಾರೆ. ನಮ್ಮ ವ್ಯಾಪಾರದ ಹೊತ್ತು ಹಾಳಾಗುತ್ತದೆ. ಇದರಿಂದ ನಮಗೇನು ಸಿಗುತ್ತದೆ? – ಮಗಳ ಕೈಯಲ್ಲಿ ಬರೆಯಿಸಿದ ಓದುಗರು, ಉಡುಪಿ

ಉತ್ತರ: ಅಮ್ಮಾ, ಈವರೆಗೆ ನಿಮಗೆ ಸಿಗಬೇಕಾದದ್ದು ಸಿಕ್ಕಿಲ್ಲ ಎಂಬುದನ್ನು ಮೊದಲು ಒಪ್ಪಿಕೊಳ್ಳುತ್ತೇನೆ. ಮಾಹಿತಿ ಹಂಚಿಕೆ ಎಂದಾಗ ನಾವು ಓದಿದವರು ಯೋಚಿಸುವುದು ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ಹೋಗುವ ಮಾಹಿತಿಯ ಬಗ್ಗೆ. ಮಾಹಿತಿ ಕೊಟ್ಟ ದಡಕ್ಕೆ ಅದನ್ನು ಹಿಂದಿರುಗಿಸುವುದು ನೀತಿಯ ಮೊದಲನೆಯ ಅಧ್ಯಾಯವಾಗಬೇಕಿತ್ತು. ನಾನು ಓದಿದ ಹೆಚ್ಚಿನ ಕರಡುಗಳಲ್ಲಿ ಅದು ಕೊನೆಯ ಸಾಲಾಗಿ, ಸಾಧ್ಯವಾದರೆ ಮಾಡಲಾಗುವುದು ಎಂಬ ಧಾಟಿಯಲ್ಲಿ ಬರುತ್ತದೆ.

ಹಿಂದಿರುಗಿಸುವುದು ಎಂದರೆ ಇಂಗ್ಲಿಷಿನ ವರದಿಯೊಂದನ್ನು ಸಂಘದ ಕಪಾಟಿಗೆ ತಲುಪಿಸುವುದಲ್ಲ. ಕಳೆದ ತಿಂಗಳು ಬಂಗುಡೆ ಎಷ್ಟು ಇಳಿಯಿತು, ದಕ್ಕೆಯಲ್ಲಿ ಏಲಂ ಬೆಲೆ ಎಷ್ಟಿತ್ತು, ಕಳೆದ ವರ್ಷದ ಇದೇ ತಿಂಗಳಿಗಿಂತ ಹೆಚ್ಚೋ ಕಡಿಮೆಯೋ ಎಂಬುದು ತಿಂಗಳು ಮುಗಿದ ಹತ್ತು ದಿನಗಳೊಳಗೆ ಮಾರುಕಟ್ಟೆಯ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಕನ್ನಡದಲ್ಲಿ ಕಾಣಬೇಕು. ಓದಲಾಗದವರಿಗೆ ವಾಟ್ಸ್ಯಾಪ್‌ನಲ್ಲಿ ತುಳುವಿನ ಧ್ವನಿಸಂದೇಶವಾಗಿ ಕೇಳಿಸಬೇಕು. ಆ ಬೆಲೆ ಕೈಯಲ್ಲಿದ್ದರೆ ಐಸಿನಲ್ಲಿಟ್ಟ ನಿನ್ನೆಯ ಮೀನಿಗೆ ಎಷ್ಟು ಕೊಡಬೇಕೆಂದು ನೀವು ಧೈರ್ಯವಾಗಿ ಹೇಳಬಹುದು. ಬ್ಯಾಂಕಿನವರು ಸಾಲಕ್ಕೆ ವ್ಯಾಪಾರದ ಲೆಕ್ಕ ಕೇಳಿದಾಗ, ಸಮೀಕ್ಷೆಯವರು ನಿಮ್ಮಿಂದ ಬರೆದುಕೊಂಡ ನಿಮ್ಮದೇ ಹಾಳೆಯ ಪ್ರತಿಯನ್ನು ನೀವು ತೋರಿಸುವಂತಾಗಬೇಕು. ಆ ಪ್ರತಿಯನ್ನು ಕೇಳಿ ಪಡೆಯುವ ಹಕ್ಕು ನಿಮಗೆ ಮಾತ್ರ ಇರಬೇಕು, ಬ್ಯಾಂಕಿನವರಿಗೆ ನೇರವಾಗಿ ಇರಬಾರದು.

ಮುಂದಿನ ಸಲ ಬರೆದುಕೊಳ್ಳುವವರು ಬಂದಾಗ ಮಗಳ ಕೈಯಲ್ಲಿ ಎರಡು ಪ್ರಶ್ನೆ ಕೇಳಿಸಿ: ಹಿಂದಿನ ಸಲ ಬರೆದುಕೊಂಡದ್ದರಲ್ಲಿ ಏನು ಗೊತ್ತಾಯಿತು, ಮತ್ತು ಈ ಸಲದ್ದನ್ನು ಯಾವ ದಿನ ಬಂದು ಹೇಳುತ್ತೀರಿ? ಬರುವವರು ಹೆಚ್ಚಾಗಿ ಚಿಕ್ಕ ವಯಸ್ಸಿನ ಹುಡುಗ ಹುಡುಗಿಯರು, ತಪ್ಪು ಅವರದಲ್ಲ, ಆದ್ದರಿಂದ ಮೃದುವಾಗಿಯೇ ಕೇಳಿ. ಉತ್ತರ ಅವರಲ್ಲಿ ಇಲ್ಲದಿದ್ದರೆ ತಮ್ಮ ಮೇಲಿನವರಿಂದ ಬರೆಸಿಕೊಂಡು ಬರಲಿ. ಬರುವಾಗ ವ್ಯಾಪಾರ ಮುಗಿದ ಮೇಲೆ, ಮಧ್ಯಾಹ್ನ ಎರಡು ಗಂಟೆಯ ನಂತರ ಬರಲು ಹೇಳಿ.